ಅಕಿನೂ ನಾನಽ

ಇಂಡಿ ಕೋರ್ಟಿನ ಕಂಪೌಂಡಿನಾಗ, ಬೇವಿನ ಗಿಡದ ಬುಡಕ
ನನ್ನ ಟೇಬಲ್ಲು, ಒಂದು ಕಾಲಿಗೆ ಇಟ್ಟಂಗಿ ಚೂರು.
ಇಪ್ಪತ್ತೆರಡು ವರ್ಷ ಆತು, ಮಂದಿ ಹೆಸರು
ಇಂಗ್ಲಿಷಿನ್ಯಾಗ ಕುಂಡ್ರಸಾಕತ್ತು.

'ಐ' ಅಂತ ಮೊದಲ ಒಂದು ಗೂಟ ಬಡೀಬೇಕು.
ಆಮ್ಯಾಲೆ ಅಲ್ಪವಿರಾಮ, ಆಮ್ಯಾಲೆ ಹೆಸರು,
ಮತ್ತೊಂದು ಅಲ್ಪವಿರಾಮ,
ಎರಡೂ ಕಡೆ ಪೊಲೀಸರು ರಟ್ಟಿ ಹಿಡದು ನಿಂತಂಗ.

ನಮ್ಮ ಮಾತಿನ್ಯಾಗ ಹಂಗಿಲ್ಲ.
ಶಾವಂತ್ರವ್ವಗ ಕೊಡು, ಶಾವಂತ್ರವ್ವನ್ನ ಕರಿ,
ಶಾವಂತ್ರವ್ವನ ಕಡಿಂದ ಇಸಕೋ.
ಸೆರಗ ಹಿಡದ ಕೂಸಿನಂಗ ಏನರೆ ಒಂದು ಹಿಂದ ಬರತದ.
ಇಂಗ್ಲಿಷಿನ್ಯಾಗ ಹೆಸರು ಬಗ್ಗೂದುಲ್ಲ.
'ಟು', 'ಬೈ', 'ಆಫ್' ಅಂತ ಪಟ್ಟೇವಾಲಾಗೋಳು ಮುಂದ,
ಹಿಂದ ಹೆಸರು, ಇಸ್ತ್ರಿ ಅಂಗಿ ಸಾಹೇಬನಂಗ.

ಆಕಿ ಬಂದದ್ದು ಮಂಗಳವಾರ, ಹನ್ನೊಂದಕ್ಕ.
ಲಿಂಬಿ ಮಾರ್ಕೆಟ್ಟಿನ್ಯಾಗ ಹಣ್ಣು ಆರಸ್ತಾಳ.
ಬ್ಯಾಂಕಿನ್ಯಾಗ ಒಂದು ಹೆಸರು, ಆಧಾರಿನ್ಯಾಗ ಒಂದು,
ರೇಶನ್ ಕಾರ್ಡಿನ್ಯಾಗ ಯಾವನೋ ಶಾಣ್ಯಾ
ಸಾವಿತ್ರಿ ಅಂತ ಬರದಾನ.
ರೊಕ್ಕ ಆಕಿದು, ಹೆಸರು ಕೂಡವಲ್ದು.
"ಮೂರೂ ಒಬ್ಬಾಕಿನಽ ಅಂತ ಬರಿಯಪಾ.
ಮುಂಜಾನಿಂದ ಸಂಜಿತನಕಾ ನಾ ನೋಡೂದು ಅದಽ,
ಒಂದ ಗಿಡದ ಹಣ್ಣು,
ದೊಡ್ಡು, ನಡಕಿನವು, ಸಣ್ಣು, ಮೂರು ಗುಂಪಿ."

ಬಾಂಡ್ ಪೇಪರ್ ಏರಿಸಿದೆ. ಗಂಡನ ಹೆಸರು ಕೇಳಿದೆ.
ಸೆರಗು ಬಾಯಿಗಿ ತಗೊಂಡು ಗಿಡ ನೋಡಿದ್ಲು.
ಅಂವ ಸತ್ತು ಒಂಬತ್ತು ವರ್ಷ.
ಹಿಂದ ನಾಕು ಮಂದಿ ಪಾಳಿ.
"ಹೇಳಬೇ, ಜಾಗಾ ಬಿಟ್ಟೇನಿ" ಅಂದೆ.
ಆಗ ಹೇಳಿದ್ಲು ಸಣ್ಣ ದನಿಲೆ,
ಮದಿವಿ ದಿನ ಬಾಗಲಾ ಅಡ್ಡ ಹಾಕಿದಾಗ ಹೇಳಿದ್ದಽ ಇರಬೇಕು:

"ಹಸರ ಲಿಂಬಿ ಹಳದ್ಯಾಗಾಕ ಹನ್ನೆರಡ ದಿನ ಬೇಕ,
ಮಳೆಪ್ಪರಾಯರ ಹೆಸರ ಹೇಳೇನಿ, ಹೊಸ್ತಿಲ ಬಿಟ್ಟರ ಸಾಕ."

ಪಾಳಿಯಾಗಿನ ಮುದುಕ ಒಬ್ಬಾಂವ
"ಭೇಷ್! ಹೊಡಿಯೋ ಗೊಲ್ಲಾಳಾ" ಅಂದ.
ಬೆರಳು ಕೀಲಿ ಮ್ಯಾಲಿಟ್ಟು ಹಂಗಽ ಕುಂತೆ.
'ವೈಫ್ ಆಫ್' ಅನ್ನೂದರ ಮುಂದ
ಲಿಂಬಿ ಹಿಡಿಯೂದುಲ್ಲ, ಹೊಸ್ತಿಲಾ ಹಿಡಿಯೂದುಲ್ಲ.
ಮಳೆಪ್ಪ ಅಂತಷ್ಟ ಹೊಡದೆ. ರಾಯರನ್ನೂ ಬಿಟ್ಟೆ.

ನಾ ಆರನೇತ್ತಾ ಇದ್ದಾಗ ಮಾಸ್ತರು ಬೋರ್ಡಿನ ಮ್ಯಾಲೆ
'ಗೊಲ್ಲಾಳಪ್ಪ ಈಸ್ ಎ ಥೀಫ್' ಅಂತ ಬರದು
ಇದನ್ನ ಪ್ರಶ್ನಿ ಮಾಡ್ರಿ ಅಂದಿದ್ರು.
ವ್ಯಾಕರಣಕ್ಕ, ಅಷ್ಟಽ. ಒರಸಿದ್ರು.
ಮುಂದ ಎರಡು ವರ್ಷ ಯಾರದು ಪೆನ್ನು ಕಳದ್ರೂ
ಮೊದಲ ನನ್ನ ಚೀಲ ಬಿಚ್ಚತಿದ್ರು.

ಓದಿ ಹೇಳು ಅಂದ್ಲು. ಓದಿದೆ.
ತನ್ನ ಹೆಸರು ಬಂದಲ್ಲಿ "ಹಾಂ" ಅಂದ್ಲು, ಹಾಜರಿ ಕೊಟ್ಟಂಗ.
ಮೂರನೇ ಸಾಲಿಗೆ ತಡದು,
"ಆಮ್ಯಾಲೆ ನಾ ಎಲ್ಲಿ ಹ್ವಾದೆ?"
"ಆಮ್ಯಾಲೆ ನೀ ಬರೇ ಡಿಪೋನೆಂಟ್ ಬೇ."
"ಅಕಿ ಯಾರು?"
"ಪ್ರಮಾಣ ಮಾಡಾಕಿ."
"ಮತ್ತ ನಾಕು ಮಂದಿ ಆದ್ವಲ್ಲೋ!"

ಹೆಬ್ಬಟ್ಟು ಒತ್ತಿದ್ಲು, ನೀಲಿ ಬೇವಿನ ತೊಗಟಿಗೆ ಒರಸಿದ್ಲು.
ನೋಟರಿ ಸಿಕ್ಕಾ ಬಿತ್ತು.
ಆಕಿ ಹೊಂಟ ಮ್ಯಾಲೆ ನನ್ನ ಕಾಪಿ ನೋಡತೀನಿ,
ಕಡೀ ಸಾಲಿನ್ಯಾಗ ಒಂದು 'ವಿ' ಹಾರ್ಯಾದ.
ಬ್ಯಾಂಕಿನ್ಯಾಗೂ ಇಲ್ಲದ್ದು, ಕಾರ್ಡಿನ್ಯಾಗೂ ಇಲ್ಲದ್ದು
ಇನ್ನೊಂದು ಹೆಸರು.

ಗೇಟಿನಾಗ ಓಡಿ ಹಿಡದೆ.
ತಪ್ಪಾಗೇದ, ಹೊಸಾದು ಹೊಡದು ಕೊಡತೀನಿ, ರೊಕ್ಕ ಬ್ಯಾಡ ಅಂದೆ.
ಕಾಗದ ಬೆಳಕಿಗೆ ಹಿಡದು ತಿರುವಿ ನೋಡಿದ್ಲು,
ಉಪ್ಪಿನಕಾಯಿಗೆ ನಡೀತದೇನು ಅಂತ ಹಣ್ಣು ನೋಡಿದಂಗ.

"ಇರ್ಲಿ ಬಿಡೋ ಗೊಲ್ಲಾಳಾ,
ಅಕಿನೂ ನಾನಽ."