ಆರ್ಟ್ ಪೇಪರಿಗೆ ರೇಟಿಲ್ಲ

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ
ಬೆಳ್ಳುಳ್ಳಿ ಮಂಡಿ ದಾಟಿದರೆ ಒಂದು ಸಂದಿ,
ಸಂದಿಯ ಕೊನೆಗೆ ಅಬ್ಬಾನ ತಕ್ಕಡಿ.
ಕನ್ನಡ ಪೇಪರು ಕೇಜಿಗೆ ಹದಿನಾಲ್ಕು, ಇಂಗ್ಲಿಷಿಗೆ ಹದಿನೆಂಟು.
ಯಾಕೆ ಅಂತ ನಾಲ್ಕನೇ ಕ್ಲಾಸಿನಲ್ಲೇ ಕೇಳಿದ್ದೆ.
‘ಕಾಗದ ಬಿಳಿ’ ಅಂದಿದ್ದರು.
ಸುದ್ದಿಯ ಮಾತು ಯಾರೂ ಎತ್ತಲಿಲ್ಲ.

ಓದು ಕಲಿತದ್ದು ಅಲ್ಲೇ, ಕಟ್ಟುಗಳ ಮೇಲೆ ಕೂತು,
ದಾರ ಬಿಚ್ಚಿದಂತೆ ಸಿಕ್ಕಿದ್ದನ್ನು:
ತೀರ್ಪು ಮೊದಲು, ಕೊಲೆ ಆಮೇಲೆ;
ಸೇತುವೆ ಕುಸಿದದ್ದು ಸೋಮವಾರ ಓದಿ
ಅದರ ಉದ್ಘಾಟನೆ ಬುಧವಾರ.
ಹಾಗಾಗಿ ಯಾವ ಉದ್ಘಾಟನೆಯನ್ನೂ
ಪೂರ್ತಿ ನಂಬಲು ನನಗಾಗುವುದಿಲ್ಲ.

ಪಿಯುಸಿ ರಿಸಲ್ಟ್ ಬಂದ ವಾರ
ಪತ್ರಿಕೋದ್ಯಮ ಅಂದೆ. ಅಮ್ಮಿ ಒಲೆ ಸಣ್ಣ ಮಾಡಿದಳು.
‘ಟೀವಿಯಲ್ಲಿ ಕಿರುಚೋದಾ?’
‘ಅಲ್ಲ, ಬರೆಯೋದು.’
‘ಬರೆದದ್ದು ಕೊನೆಗೆ ನಮ್ಮಂಗಡಿಗೇ ತಾನೇ ಬರೋದು’
ಅಂದರು ಅಬ್ಬಾ. ನಗುತ್ತಿದ್ದರೋ ಇಲ್ಲವೋ,
ಬಾಯಲ್ಲಿ ದಾರವಿತ್ತು.

ಮೂರು ಕಾಲೇಜಿನ ಪುಸ್ತಕ ತಂದೆ.
ಎರಡರ ಮುಖಪುಟದಲ್ಲಿ ಒಬ್ಬಳೇ ಹುಡುಗಿ,
ಅದೇ ಮೈಕು, ಅದೇ ಹಲ್ಲು,
ಒಂದರಲ್ಲಿ ಎಡಕ್ಕೆ ತಿರುಗಿದ್ದಾಳೆ, ಇನ್ನೊಂದರಲ್ಲಿ ಬಲಕ್ಕೆ.
ಯಾವುದಕ್ಕೆ ಸೇರಿದಳೋ ಪಾಪ.
ಅಬ್ಬಾ ಪುಟವನ್ನು ಬೆರಳಲ್ಲಿ ಉಜ್ಜಿ ನೋಡಿದರು:
‘ಆರ್ಟ್ ಪೇಪರು. ತೂಕ ಬರುತ್ತೆ, ರೇಟಿಲ್ಲ.
ಮಿಲ್ಲಿನವರು ಮುಟ್ಟಲ್ಲ.’

ಆದರೂ ಹೋದೆವು, ಬೈಪಾಸಿನಾಚೆ, ಗೂಡ್ಸ್ ಆಟೋದಲ್ಲಿ.
ಗಾಜಿನ ಬಾಗಿಲು. ಎಸಿ ಸ್ಟುಡಿಯೋ.
ಕ್ಯಾಮೆರಾಕ್ಕೆ ಹೊದಿಸಿದ ಹಸಿರು ಬಟ್ಟೆಯ ಧೂಳಿನಲ್ಲಿ
ಯಾರೋ ಬೆರಳಿಂದ ತಮ್ಮ ಹೆಸರು ಬರೆದಿದ್ದರು.
‘ಇಲ್ಲಿ ಓದಿದವರು ಬರೆದದ್ದು ಒಂದಾದರೂ ತೋರಿಸಿ ಸರ್.’
ಅವರು ಬಾದಾಮಿ ಹಾಲು ತರಿಸಿದರು.
ವರ್ಷಕ್ಕೆ ತೊಂಬತ್ತು ಸಾವಿರ, ಯೂನಿಫಾರಂ ಬೇರೆ, ಟೂರು ಬೇರೆ.
ಕೇಜಿಗೆ ಮೂರು ರೂಪಾಯಿ ಉಳಿದರೆ
ಮೂವತ್ತು ಟನ್ನು. ಮೂರು ಲಾರಿ ಲೋಡು.
ಅಬ್ಬಾ ಹಾಲು ಮುಟ್ಟಲಿಲ್ಲ.
ನಾನು ಕುಡಿದೆ, ಚೆನ್ನಾಗಿತ್ತು.

ಎರಡನೆಯದಕ್ಕೆ ಹೋಗಲೇ ಇಲ್ಲ.
ಹುಡುಗಿ ಅದೇ ಅಲ್ಲವಾ.

ಮೂರನೆಯದು ಸರ್ಕಾರಿ. ಪುಸ್ತಕವೆಂದರೆ ಜೆರಾಕ್ಸಿನ ನಾಲ್ಕು ಹಾಳೆ.
ಕಂಪ್ಯೂಟರು ಎಂಟು, ಉಸಿರಿರುವುದು ಮೂರಕ್ಕೆ.
ಕಾರಿಡಾರಿನ ಗೋಡೆಪತ್ರಿಕೆಯಲ್ಲಿ
ಹಾಸ್ಟೆಲಿನ ನೀರಿನ ಟ್ಯಾಂಕಿನ ಬಗ್ಗೆ ಒಂದು ವರದಿ,
ವಾರ್ಡನ್ನಿನ ಮಾತೂ ಇತ್ತು, ಹುಡುಗಿಯರದ್ದೂ.
‘ಕೆಲವರು ಹೇಳುತ್ತಾರೆ’ ಎಂಬಲ್ಲಿ ಕೆಂಪು ಶಾಯಿಯ ಗೆರೆ,
ಪಕ್ಕದಲ್ಲಿ ಸಣ್ಣಗೆ: ಯಾರು? ಹೆಸರು ಬರಿ.
ಅಲ್ಲೇ ನಿಂತುಬಿಟ್ಟೆ.

ಶಾಯಿ ವಸುಮತಿ ಮೇಡಮ್ಮಿನದು.
ಅತಿಥಿ ಉಪನ್ಯಾಸಕಿ. ಸ್ಕೂಟಿಯ ಸೀಟು ಹರಿದಿದೆ.
‘ಮುಂದಿನ ವರ್ಷ ನೀವೇ ಇರ್ತೀರಾ?’
‘ಗೊತ್ತಿಲ್ಲ ಮುಬೀನಾ. ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ.
ಲೈಬ್ರರಿ ಇದೆ. ಹಳೇ ಪತ್ರಿಕೆ ಎಲ್ಲಾ ಬೈಂಡ್ ಮಾಡಿಟ್ಟಿದಾರೆ,
ತಾರೀಖಿನ ಕ್ರಮದಲ್ಲಿ. ಅದೆಲ್ಲೂ ಹೋಗಲ್ಲ.’

ತಾರೀಖಿನ ಕ್ರಮದಲ್ಲಿ!
ಕೊಲೆ ಮೊದಲು, ತೀರ್ಪು ಆಮೇಲೆ.

ನೋಡಬೇಕು ಅಂದವರು ಅಬ್ಬಾ.
ರಟ್ಟಿನ ಬೆನ್ನು ಸವರಿ, ಒಂದನ್ನೆತ್ತಿ,
ಕೈಯಲ್ಲೇ ತೂಗಿ, ‘ಏಳು ಕೇಜಿ’ ಅಂದು
ಇದ್ದಲ್ಲೇ ಇಟ್ಟರು, ಅಂಚು ಸರಿಮಾಡಿ.
ಇಷ್ಟೊಂದು ಪೇಪರನ್ನು ಯಾರೂ ಮಾರದೆ ಇಟ್ಟುಕೊಂಡದ್ದನ್ನು
ಅವರು ಮೊದಲ ಸಲ ಕಾಣುತ್ತಿದ್ದರು.

ಮೂರು ಸಾವಿರದ ಆರುನೂರು.
ಒಂದು ಟನ್ನು, ಮೇಲೆ ಇನ್ನೂರು ಕೇಜಿ.
ಸಂಜೆ ಅಂಗಡಿಗೆ ಬಂದು ರಸೀದಿಯನ್ನು
ತಮಾಷೆಗೆ ತಕ್ಕಡಿಗಿಟ್ಟೆ. ಮುಳ್ಳು ಅಲ್ಲಾಡಲಿಲ್ಲ.
‘ತಾರೀಖು ಸರಿಯಿದೆಯಾ ನೋಡು’ ಅಂದರು ಅಬ್ಬಾ.

ನೋಡಿದೆ.
ನಿನ್ನೆಯ ಮೊಹರು ಹೊಡೆದಿದ್ದರು.