ಮಂಗಳವಾರದ ಚೀಲ

ಭದ್ರಾವತಿಯಿಂದ ಎಂಟು ಹತ್ತರ ಬಸ್ಸು.
ಶಿವಮೊಗ್ಗದ ಆಸ್ಪತ್ರೆಯಲ್ಲಿ ಸಿಸ್ಟರ್ ಜಸಿಂತಾ
ಯಾವ ಕೈ ಎಂದು ಈಗ ಕೇಳುವುದಿಲ್ಲ.
ಬಲಗೈ ಕತ್ತರಿಗೆ ಬೇಕೆಂದು ಗೊತ್ತು.

ಸ್ಪಂಜಿನ ಚೆಂಡು ಹಿಸುಕುತ್ತೇನೆ.
ತೊಟ್ಟಿಲ ಹಾಗೆ ತೂಗುವ ತಕ್ಕಡಿಯಲ್ಲಿ
ಚೀಲ ಮೆಲ್ಲಗೆ ಉಬ್ಬುತ್ತದೆ.
ನಾನೂರೈವತ್ತು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ,
ರವಿಕೆಯ ಅಳತೆಯಷ್ಟೇ ಖಚಿತ.

ಮುಟ್ಟು ನಿಂತು ಆರು ವರ್ಷ.
ನಿಂತಾಗ ಅಂತರಘಟ್ಟಮ್ಮನಿಗೆ ಕಾಯಿ ಒಡೆಸಿದ್ದೆ,
ಸಾಕು ತಾಯಿ, ಸಾಕಾಗಿತ್ತು ಅಂತ.
ಇಷ್ಟು ದಿನ ನಿಮ್ಮನ್ನು ಕಾದದ್ದೇ ಅದು, ಅಂದರು ಡಾಕ್ಟರು.
ತಿಂಗಳು ತಿಂಗಳು ಹೊರಗೆ ಕೂತು ನಾನು ಶಪಿಸಿದ್ದು
ಒಳಗಿನ ಕಬ್ಬಿಣವನ್ನು ಚಿಟಿಕೆ ಚಿಟಿಕೆ
ಹೊತ್ತು ಹಾಕುತ್ತಿತ್ತಂತೆ.

ಫೆರಿಟಿನ್ ಎರಡು ಸಾವಿರದ ಮುನ್ನೂರು.
ಹೆಬ್ಬೆರಳ ಪಕ್ಕದ ಎರಡು ಗೆಣ್ಣು ಊದಿ
ಕಾಜಾ ಹೊಲಿಯಲಾಗದೆ ಹೋದಾಗ
ವಾತ ಅಂದರು, ಸಕ್ಕರೆ ಅಂದರು, ವಯಸ್ಸು ಅಂದರು.
ಮೈ ತಾಮ್ರಕ್ಕೆ ತಿರುಗಿದ್ದನ್ನು
ಬಿಸಿಲು ಅಂದವಳು ನಾನೇ.

"ಇದು ಹುಟ್ಟಿನಿಂದ ಬಂದದ್ದು.
ಅಮ್ಮನ ಕಡೆಯಿಂದಲೂ ಒಂದೆಳೆ ಬಂದಿರಬೇಕು.
ಮನೆಯಲ್ಲಿ ಯಾರಿಗಾದರೂ ಲಿವರ್ ಕಾಯಿಲೆ?"

ಅಪ್ಪ. ಹಾಲೇಶಪ್ಪ.
ಕಾರ್ಖಾನೆಯ ಎರಕದ ಮನೆಯಲ್ಲಿ ಇಪ್ಪತ್ತಾರು ವರ್ಷ.
ನಲವತ್ತೊಂಬತ್ತಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ಹೋದ.
ಹೆಸರಲ್ಲಿ ಹಾಲು, ಹೊಟ್ಟೆಯಲ್ಲಿ ಹೆಂಡ
ಎಂದು ಲೈನಿನ ಮನೆಗಳವರು ಆಡಿಕೊಂಡರು.
ಹೆಂಡದಂಗಡಿ ದಾಟುವಾಗ ಮೂಗು ಮುಚ್ಚುತ್ತಿದ್ದ ಮನುಷ್ಯ.
ಅಮ್ಮ ಕೂಡ ಕಡೆಗೊಂದು ದಿನ
ಅಟ್ಟ ಹತ್ತಿ ಬಾಟಲಿ ಹುಡುಕಿದಳು.
ಸಿಕ್ಕಿದ್ದು ಸೀಮೆಎಣ್ಣೆಯದು.
ಮೂಸಿ ನೋಡಿ ಅಲ್ಲೇ ಇಟ್ಟಳು.

ತಮ್ಮ ಕರಿಬಸಪ್ಪ ಕುಡಿಯಲು ಕಲಿತದ್ದು ಆಮೇಲೆ.
ಏನು ಮಾಡೋದಕ್ಕಾ, ಅಪ್ಪನ ರಕ್ತ, ಅನ್ನುತ್ತಾನೆ.
ಇರಬಹುದು ಕಣೋ.
ನೀನಂದುಕೊಂಡ ರಕ್ತ ಅಲ್ಲ ಅದು.

ಪಕ್ಕದ ಮಂಚದಲ್ಲಿ ಬಸುರಿ ಹುಡುಗಿ, ಹೊಸನಗರದ ಕಡೆಯವಳು.
ಕೆಳರೆಪ್ಪೆ ಎಳೆದರೆ ಒಳಗೆ ಸುಣ್ಣದ ಬಿಳುಪು.
ಅವಳಿಗೆ ಕಬ್ಬಿಣ ಏರಿಸುತ್ತಿದ್ದಾರೆ,
ಕರಿ ಚಹಾ ಬಣ್ಣದ ಬಾಟಲಿ, ಹನಿ, ಮತ್ತೆ ಹನಿ.
ನನ್ನದನ್ನೇ ಇವಳಿಗೆ ತಿರುಗಿಸಬಾರದಾ ಸಿಸ್ಟರ್?
"ಕೊಡೋ ಹಾಗಿಲ್ಲಮ್ಮ." ನಕ್ಕು
ಚೀಲದ ಮೇಲೆ ಅಡ್ಡಗೆರೆ ಎಳೆದಳು. ಹಳದಿ ಬಕೆಟ್ಟು.
ಇಷ್ಟು ಒಳ್ಳೆಯ ಕೆಂಪು ಬಟ್ಟೆಯನ್ನು
ನಾನೆಂದೂ ಚಿಂದಿಗೆ ಎಸೆದವಳಲ್ಲ.

ಇದು ಹದಿನಾಲ್ಕನೆಯದು. ಗೆಣ್ಣು ಇನ್ನೂ ನೋಯುತ್ತದೆ.
ಆದರೆ ಮಧ್ಯಾಹ್ನ ಮೂರಕ್ಕೆ
ಮೆಷಿನ್ನಿನ ಮೇಲೆ ತಲೆಯಿಟ್ಟು ಮಲಗುವುದು ನಿಂತಿದೆ.

ಬಸ್ ನಿಲ್ದಾಣದಿಂದ ಫೋನು ಮಾಡಿದೆ.
ನೀನೂ ಒಮ್ಮೆ ಪರೀಕ್ಷೆ ಮಾಡಿಸು.
"ಸೂಜಿ ಕಂಡ್ರೆ ಆಗಲ್ಲಕ್ಕಾ" ಅಂದ
ಹೊಲಿಗೆಯವಳ ತಮ್ಮ.

ಅಪ್ಪ ಕುಡೀತಿರಲಿಲ್ಲ ಕಣೋ, ಅಂದೆ.

ಆ ಕಡೆ ಬಹಳ ಹೊತ್ತು ಏನೂ ಇಲ್ಲ.
ಯಾವುದೋ ಲಾರಿ ರಿವರ್ಸ್ ಹೋಗುವ ಸದ್ದು.
ಆಮೇಲೆ,
"ಎಷ್ಟು ಗಂಟೆಗೆ ಬಸ್ಸು?"