ಇಪ್ಪತ್ತೇಳನೇ ಕಂತು

ರಮದಾನಿನ ಹತ್ತೊಂಬತ್ತನೇ ರಾತ್ರಿ. ಕೈರೋದ ಶುಬ್ರಾ.
ನಾಲ್ಕನೇ ಮಹಡಿಯ ಅಡುಗೆಮನೆ, ಕುಂಟುವ ಮೇಜು,
ಕಾಲಿಗೆ ಒತ್ತುಕೊಟ್ಟಿರುವುದು ಹೋದ ವರ್ಷದ ಧಾರಾವಾಹಿಯ ಹಾಳೆ.
ಊರೆಲ್ಲ ಹತ್ತೊಂಬತ್ತನೇ ಕಂತು ನೋಡುತ್ತಿದೆ,
ನಾನು ಇಪ್ಪತ್ತನಾಲ್ಕನೆಯದನ್ನು ಬರೆಯುತ್ತಿದ್ದೇನೆ.
ನಡುವೆ ಐದು ದಿನ. ಅಷ್ಟೇ ನನ್ನ ಆಸ್ತಿ.

ಫೋನು. ನಿರ್ಮಾಪಕ ಮಮ್ದೂಹ್.
"ವಿದಾದ್ ಮೇಡಂ, ಆ ಇಸ್ತ್ರಿಯವನನ್ನು ಮುಗಿಸಿಬಿಡಿ.
ನಟ ಜಾಸ್ತಿ ದುಡ್ಡು ಕೇಳುತ್ತಿದ್ದಾನೆ.
ಇಪ್ಪತ್ತೇಳಕ್ಕೆ ಸಾಯಲಿ.
ಆಸ್ಪತ್ರೆ ಬೇಡ, ಸೆಟ್ಟಿಗೆ ಹಣವಿಲ್ಲ.
ಹೊರಾಂಗಣ ಬೇಡ, ಜನ ಬೇಡ.
ಆದರೆ ನೋಡುವವರು ಅಳಬೇಕು."

ಪಾತ್ರ ತನ್ನ ಹಣೆಬರಹದಿಂದ ಸಾಯಬೇಕು
ಅಂತ ನನಗೆ ಕಲಿಸಿದವರು ಹೇಳಿದ್ದರು.
ಹಣೆಬರಹ ಅಂದರೆ ಮಮ್ದೂಹನ ಲೆಕ್ಕದ ಪುಸ್ತಕ ಅಂತ
ಯಾಕೋ ಹೇಳಲಿಲ್ಲ.

ಶೌಕಿಯನ್ನು ನಾನು ಎಲ್ಲಿಂದ ತಂದೆ ಅಂತ
ಬೀದಿಗೆಲ್ಲ ಗೊತ್ತು. ಯಾರೂ ಆಡಿ ತೋರಿಸುವುದಿಲ್ಲ.
ಕೆಳಗೆ ಇಸ್ತ್ರಿ ಅಂಗಡಿಯ ಅಬ್ದುಸ್ಸಬೂರ್,
ಬಾಯಿ ತುಂಬ ನೀರು ತುಂಬಿ ಅಂಗಿಯ ಮೇಲೆ ಉಫ್ ಎಂದು ಊದುವವನು
(ಉಪವಾಸದ ತಿಂಗಳು ಮಾತ್ರ ಸೀಸೆ),
ಕಾಲರು ನೋಡಿ ಸಂಬಳ ಹೇಳುವವನು,
"ಸುಕ್ಕು ಬಟ್ಟೆಯದಲ್ಲ, ಕೂತವನದು" ಅನ್ನುವವನು.
ಆ ಮಾತು ಎರಡನೇ ಕಂತಿನಲ್ಲಿದೆ.
ಅದಕ್ಕೆ ನಾನು ಕೊಟ್ಟದ್ದು
ಎಂದಿನ ಇಸ್ತ್ರಿ ಕೂಲಿ, ಚಿಲ್ಲರೆ ಬಿಟ್ಟು.

ಇಪ್ಪತ್ತೇಳನ್ನೇ ಮೊದಲು ಬರೆದೆ.
ಕುರ್ಚಿಯಲ್ಲಿ ಶೌಕಿ, ಕೈ ಎದೆಗೆ.
ಮಗಳಿಗೊಂದು ಮಾತು, ದೇವರಿಗೊಂದು,
ಬಾಕಿ ಉಳಿಸಿಕೊಂಡ ಗಿರಾಕಿಗಳಿಗೆ ಕ್ಷಮೆ,
ಒಂದೂವರೆ ಪುಟ ಮಾತಾಡಿ ಸತ್ತ.
ನಾನೂ ಅತ್ತೆ. ಆದರೆ ನನ್ನ ಅಳುವನ್ನು ನಾನೇ ನಂಬುವುದಿಲ್ಲ,
ನಿದ್ದೆಗೆಟ್ಟರೆ ಸೋಪಿನ ಜಾಹೀರಾತಿಗೂ ಅಳುತ್ತೇನೆ.

ಬೆಳಿಗ್ಗೆ ಹಾಳೆ ಇಲ್ಲ.
ಡ್ರಾಯರಿನಲ್ಲಿ, ಫ್ರಿಜ್ಜಿನ ಮೇಲೆ, ಬ್ರೆಡ್ಡಿನ ಚೀಲದೊಳಗೆ.
ನೆನಪಿನಿಂದ ಬರೆಯಹೋದರೆ
ಶೌಕಿ ಬಾಯಿಯೇ ಬಿಡಲೊಲ್ಲ.

ಮೂರನೇ ದಿನ ಬಟ್ಟೆ ತರಲು ಇಳಿದೆ.
ನಾಲ್ಕು ಅಂಗಿ, ಒಂದು ಕೋಟು ಎಣಿಸಿಕೊಟ್ಟ.
ಕೋಟಿನ ಮೇಲೆ ಆ ಹಾಳೆ. ಜೇಬಿನಲ್ಲಿತ್ತಂತೆ.
ಇಸ್ತ್ರಿ ಮಾಡಿದ್ದ. ಒಂದು ಮಡಿಕೆಯಿಲ್ಲ,
ಕಾಫಿಯ ಕಲೆ ಮಾತ್ರ ಹೋಗಿರಲಿಲ್ಲ.
ಹಾಳೆಗೂ ಕೂಲಿ ಹಿಡಿದಿದ್ದ.

"ಓದಿದೆ," ಅಂದ. "ಎರಡು ರಾತ್ರಿ ಹಿಡಿಯಿತು, ನನ್ನ ಓದು ನಿಧಾನ."
ನನ್ನ ನಾಲಿಗೆ ಒಣಗಿತ್ತು.
ಉಪವಾಸಕ್ಕೆ ಅಂದುಕೊಳ್ಳಲಿ.

"ಸಾಯುವವರು ಇಷ್ಟು ಮಾತಾಡಲ್ಲ ಮೇಡಂ.
ನನ್ನ ಇನ್ಸಾಫ್ ಆ ಕುರ್ಚಿಯಲ್ಲೇ ಹೋದಳು.
ಗ್ಯಾಸ್ ಆರಿಸಿದ್ದೀಯಾ, ಕೇಳಿದಳು.
ಹೂಂ ಅಂದೆ. ಆರಿಸಿರಲಿಲ್ಲ.
ಹೋಗಿ ಆರಿಸಿ ಬಂದೆ.
ಅಷ್ಟೇ."
ಬೆರಳು ಒದ್ದೆ ಮಾಡಿ ಇಸ್ತ್ರಿಗೆ ತಾಗಿಸಿದ.
ಚುಯ್ ಅಂದಿತು. ಮುಂದಿನ ಅಂಗಿ ಎಳೆದುಕೊಂಡ.

ತೆಗೆದುಕೊಳ್ಳಲಾ ಅಂತ ಕೇಳಬೇಕಿತ್ತು.
ಕೇಳಲಿಲ್ಲ.
ಬೇಡ ಅಂದಾನು ಅಂತಲ್ಲ,
ತಗೊಳ್ಳಿ ಅಂದುಬಿಟ್ಟಾನು ಅಂತ.

ನಾಲ್ಕು ಮಹಡಿ ಹತ್ತುವಷ್ಟರಲ್ಲಿ
ಒಂದೂವರೆ ಪುಟ ಹೊಡೆದುಹಾಕಿದ್ದೆ.

ಒಳಾಂಗಣ. ಅಂಗಡಿ. ರಾತ್ರಿ.
ಶೌಕಿ: ಇಸ್ತ್ರಿಯ ತಂತಿ ಕಿತ್ತಿದ್ದೀಯಾ?
ಮಗಳು: ಹೂಂ.
ಮಗಳು ಹೋಗಿ ತಂತಿ ಕೀಳುತ್ತಾಳೆ. ತಿರುಗಿ ಬರುತ್ತಾಳೆ.

ಗ್ಯಾಸನ್ನು ತಂತಿ ಮಾಡಿದ್ದೊಂದೇ ನನ್ನ ಕಸುಬು.
ಮಮ್ದೂಹನಿಗೆ ಖುಷಿಯೋ ಖುಷಿ: ಒಂದು ಗೋಡೆ ಸಾಕು, ಅರ್ಧ ದಿನ ಉಳಿಯಿತು.

ಇಪ್ಪತ್ತೇಳನೇ ರಾತ್ರಿ, ಇಸ್ತ್ರಿಯೇ ಬೇಕಿಲ್ಲದ
ಎರಡು ಅಂಗಿ ಹಿಡಿದು ಕೆಳಗೆ ಹೋಗಿ ನಿಂತೆ.
ಹಬ್ಬಕ್ಕೆ ಇನ್ನೆರಡೋ ಮೂರೋ ದಿನ,
ಬಟ್ಟೆಯ ರಾಶಿ ಅವನ ಭುಜದ ತನಕ.
ಕಪಾಟಿನ ಮೇಲೆ ಟೀವಿ. ಬೀದಿಯ ಕಿಟಕಿಗಳಲ್ಲೆಲ್ಲ ಅದೇ ಟೀವಿ,
ಒಂದಕ್ಕಿಂತ ಒಂದು ಅರೆಕ್ಷಣ ಹಿಂದೆ.
ಶೌಕಿ ಕೇಳಿದ.
ಮತ್ತೊಂದು ಮನೆಯಿಂದ ಕೇಳಿದ. ಇನ್ನೊಂದರಿಂದ.

ಅಬ್ದುಸ್ಸಬೂರ್ ತಲೆಯೆತ್ತಲಿಲ್ಲ.
ತೋಳಿನ ಅಂಚಿನ ಮೇಲೆ ಇಸ್ತ್ರಿ ಓಡಿಸುತ್ತಲೇ
ಹೂಂ ಅಂದ,
ಮಗಳಿಗಿಂತ ಮೊದಲು.